ದೊರೆಯ ಹೆಸರು, ಮಂತ್ರಿಯ ಕೈ

ಕಾಗದದ ಮೇಲೆ ನೋಡಿದರೆ ಬ್ರಿಟನ್ನಿನ ಅರಸನಿಗಿರುವಷ್ಟು ಅಧಿಕಾರ ಪ್ರಜಾಪ್ರಭುತ್ವವಿರುವ ಬೇರೆ ಯಾವ ದೇಶದ ಮುಖ್ಯಸ್ಥನಿಗೂ ಸುಲಭವಾಗಿ ಸಿಗದು. ಪ್ರಧಾನಿಯನ್ನು ನೇಮಿಸುವವನು ಅವನು. ಪಾರ್ಲಿಮೆಂಟನ್ನು ಕರೆಯುವವನು, ಅದರ ಅಧಿವೇಶನವನ್ನು ಮುಕ್ತಾಯಗೊಳಿಸುವವನು, ಅದನ್ನು ವಿಸರ್ಜಿಸುವವನು ಅವನು. ಎರಡೂ ಸದನಗಳು ಒಪ್ಪಿದ ಮಸೂದೆ ಅವನ ಅಂಕಿತವಿಲ್ಲದೆ ಕಾಯ್ದೆಯಾಗದು. ಯುದ್ಧ ಸಾರುವುದು, ಬೇರೆ ದೇಶಗಳೊಡನೆ ಒಪ್ಪಂದ ಮಾಡಿಕೊಳ್ಳುವುದು, ಬಿಷಪ್ಪರನ್ನೂ ನ್ಯಾಯಾಧೀಶರನ್ನೂ ನೇಮಿಸುವುದು, ಅಪರಾಧಿಗಳಿಗೆ ಕ್ಷಮೆ ನೀಡುವುದು, ಪಾಸ್‌ಪೋರ್ಟ್ ಕೊಡುವುದು, ಎಲ್ಲವೂ ನಡೆಯುವುದು ಅವನ ಹೆಸರಿನಲ್ಲಿ. ಇವುಗಳಲ್ಲಿ ಬಹುಪಾಲನ್ನು ಯಾವ ಶಾಸನವೂ ಅವನಿಗೆ ಕೊಟ್ಟದ್ದಲ್ಲ. ಹಳೆಯ ಕಾಲದಿಂದ ಸಿಂಹಾಸನಕ್ಕೆ ಅಂಟಿಕೊಂಡು ಬಂದ ಈ ಅಧಿಕಾರಗಳ ಮೊತ್ತಕ್ಕೆ ರಾಜಪರಮಾಧಿಕಾರ ಎಂದು ಹೆಸರು.

ಇಷ್ಟೆಲ್ಲ ಅಧಿಕಾರವಿದ್ದೂ ಅದರಲ್ಲಿ ಹೆಚ್ಚಿನದನ್ನು ದೊರೆ ತನ್ನ ಇಚ್ಛೆಯಂತೆ ಚಲಾಯಿಸುವಂತಿಲ್ಲ. ಮಂತ್ರಿಗಳು ಸಲಹೆ ಕೊಡುತ್ತಾರೆ, ದೊರೆ ಅದರಂತೆ ನಡೆಯುತ್ತಾನೆ. ಇಲ್ಲಿ ಸಲಹೆ ಎಂದರೆ ಬಿಡಬಹುದಾದ ಬುದ್ಧಿಮಾತಲ್ಲ, ಪಾಲಿಸಲೇಬೇಕಾದ ಸೂಚನೆ. ಈ ಕಟ್ಟುಪಾಡನ್ನು ಪೂರ್ತಿಯಾಗಿ ಬರೆದಿಟ್ಟ ಒಂದು ಸಂವಿಧಾನ ಬ್ರಿಟನ್ನಿನಲ್ಲಿಲ್ಲ. ಒಂದಷ್ಟು ಶಾಸನ, ಒಂದಷ್ಟು ತೀರ್ಪು, ಉಳಿದದ್ದು ರೂಢಿ. ಒಂದೊಂದು ಮಿತಿಯನ್ನು ಹಿಡಿದು ಹಿಂದಕ್ಕೆ ಹೋದರೆ ಅಲ್ಲಿ ಸೋತ ಅಥವಾ ಕಡೆಯ ಗಳಿಗೆಯಲ್ಲಿ ಹಿಂದೆ ಸರಿದ ಒಬ್ಬ ಅರಸ ಸಿಗುತ್ತಾನೆ. ಇನ್ನೊಂದು ಸಂಗತಿಯನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ದೊರೆಯ ಕೈಯಿಂದ ಜಾರಿದ ಅಧಿಕಾರ ಇಲ್ಲವಾಗಲಿಲ್ಲ. ಅದು ಪ್ರಧಾನಿಯ ಕೈ ಸೇರಿತು. ಹಾಗಾಗಿ ದೊರೆಯ ಮಿತಿಗಳ ಇತಿಹಾಸವನ್ನು ಹೇಳುವುದೆಂದರೆ ಮಂತ್ರಿಗಳ ಬಲ ಬೆಳೆದ ಬಗೆಯನ್ನೂ ಹೇಳುವುದು.

1215ರಲ್ಲಿ ರನ್ನಿಮೀಡ್ ಬಯಲಿನಲ್ಲಿ ಜಾನ್ ದೊರೆ ಮುದ್ರೆ ಒತ್ತಿದ ಮ್ಯಾಗ್ನಾ ಕಾರ್ಟಾದಿಂದ ಈ ಕಥೆಯನ್ನು ಶುರುಮಾಡುವುದು ವಾಡಿಕೆ. ಆ ಸನದನ್ನು ಕೆಲವೇ ತಿಂಗಳಲ್ಲಿ ಪೋಪ್ ರದ್ದುಮಾಡಿದ, ಮುಂದಿನ ದೊರೆಗಳ ಕಾಲದಲ್ಲಿ ಅದು ಮತ್ತೆ ಮತ್ತೆ ಜೀವ ಪಡೆಯಿತು. ಇಂದಿನ ಮಿತಿಗಳ ಬುನಾದಿ ಬಿದ್ದದ್ದು ಮಾತ್ರ 17ನೆಯ ಶತಮಾನದಲ್ಲಿ, ಸ್ಟುವರ್ಟ್ ಮನೆತನದ ಆಳ್ವಿಕೆಯಲ್ಲಿ. ಮೊದಲ ಹೊಡೆತ ಕೊಟ್ಟವನು ಮುಖ್ಯ ನ್ಯಾಯಾಧೀಶ ಎಡ್ವರ್ಡ್ ಕೋಕ್. ತಾನೇ ಕುಳಿತು ಮೊಕದ್ದಮೆ ತೀರ್ಮಾನಿಸುತ್ತೇನೆ ಎಂದ 1ನೆಯ ಜೇಮ್ಸ್‌ಗೆ ಕೋಕ್ 1607ರಲ್ಲಿ ಅದು ಸಾಧ್ಯವಿಲ್ಲವೆಂದ. ದೊರೆ ಎಷ್ಟೇ ಬುದ್ಧಿವಂತನಾಗಿರಲಿ, ಕಾನೂನು ದೀರ್ಘ ಅಭ್ಯಾಸದಿಂದ ಬರುವ ವಿದ್ಯೆ ಎಂಬುದು ಅವನ ವಾದ. 1610ರಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಲಂಡನ್ನಿನಲ್ಲಿ ಹೊಸ ಮನೆ ಕಟ್ಟಕೂಡದು, ಗೋಧಿಯಿಂದ ಗಂಜಿಪುಡಿ ಮಾಡಕೂಡದು ಎಂದು ದೊರೆ ಬರೀ ಘೋಷಣೆಯ ಮೂಲಕ ನಿಷೇಧಿಸಬಹುದೇ? ಘೋಷಣೆಯಿಂದ ಹೊಸ ಅಪರಾಧವನ್ನು ಸೃಷ್ಟಿಸಲು ಬಾರದು, ನೆಲದ ಕಾನೂನು ಒಪ್ಪುವಷ್ಟೇ ಪರಮಾಧಿಕಾರ ದೊರೆಗಿದೆ ಎಂದು ಕೋಕ್ ಮತ್ತು ಜೊತೆಯ ನ್ಯಾಯಾಧೀಶರು ಹೇಳಿದರು. ಮನೆ ಮತ್ತು ಗಂಜಿಪುಡಿಯ ಈ ವ್ಯಾಜ್ಯ ನಾಲ್ಕು ಶತಮಾನಗಳ ಅನಂತರ ಒಬ್ಬ ಪ್ರಧಾನಿಯ ವಿರುದ್ಧ ಬಳಕೆಗೆ ಬಂತು.

ಜೇಮ್ಸನ ಮಗ 1ನೆಯ ಚಾರ್ಲ್ಸ್ 1629ರಿಂದ 1640ರವರೆಗೆ ಪಾರ್ಲಿಮೆಂಟನ್ನು ಕರೆಯದೆಯೇ ಆಳಿದ. 1642ರ ಜನವರಿ 4ರಂದು ಐವರು ಸದಸ್ಯರನ್ನು ಬಂಧಿಸಲು ಶಸ್ತ್ರಧಾರಿಗಳೊಂದಿಗೆ ಕೆಳಮನೆಯಾದ ಕಾಮನ್ಸ್ ಸಭೆಗೇ ನುಗ್ಗಿದ, ಅವರು ಸಿಗಲಿಲ್ಲ. ಅಂದಿನಿಂದ ಇಂದಿನವರೆಗೆ ಯಾವ ದೊರೆಯೂ ಸಭೆ ನಡೆಯುತ್ತಿರುವಾಗ ಆ ಸಭಾಂಗಣದಲ್ಲಿ ಕಾಲಿಟ್ಟಿಲ್ಲ. ಪ್ರತಿ ಅಧಿವೇಶನದ ಆರಂಭದಲ್ಲಿ ದೊರೆಯ ದೂತ ಬಂದಾಗ ಕಾಮನ್ಸಿನ ಬಾಗಿಲನ್ನು ಅವನ ಮುಖದೆದುರೇ ಮುಚ್ಚುವ ಪದ್ಧತಿ ಆ ಸ್ವಾತಂತ್ರ್ಯದ ಗುರುತಾಗಿ ನಡೆದುಬಂದಿದೆ. ಅಂತರ್ಯುದ್ಧದಲ್ಲಿ ಸೋತ ಚಾರ್ಲ್ಸ್‌ನ ತಲೆ 1649ರ ಜನವರಿ 30ರಂದು ಉರುಳಿತು. ಹನ್ನೊಂದು ವರ್ಷದ ಗಣರಾಜ್ಯ ಕಳೆದು 1660ರಲ್ಲಿ ರಾಜಮನೆತನ ಮರಳಿತಾದರೂ ಹಳೆಯ ಜಗಳ ತೀರಿರಲಿಲ್ಲ. 2ನೆಯ ಜೇಮ್ಸ್ ಕ್ಯಾಥೊಲಿಕರ ಮೇಲಿದ್ದ ನಿರ್ಬಂಧದ ಕಾಯ್ದೆಗಳನ್ನು ತನ್ನ ಒಂದೇ ಮಾತಿನಿಂದ ಅಮಾನತಿನಲ್ಲಿಟ್ಟ. ಕೊನೆಗೆ 1688ರ ಡಿಸೆಂಬರಿನಲ್ಲಿ ದೇಶ ಬಿಟ್ಟು ಓಡಬೇಕಾಯಿತು.

ಖಾಲಿಯಾದ ಸಿಂಹಾಸನವನ್ನು ಪಾರ್ಲಿಮೆಂಟ್ ವಿಲಿಯಂ ಮತ್ತು ಮೇರಿ ದಂಪತಿಗೆ ಕೊಟ್ಟಿತು. ಅದರ ಜೊತೆಗೆ ಒಂದು ಷರತ್ತುಪಟ್ಟಿಯನ್ನೂ ಮುಂದಿಟ್ಟಿತು. 1689ರ ಹಕ್ಕುಗಳ ಮಸೂದೆ ಎಂದು ಹೆಸರಾದ ಶಾಸನ ಇದೇ. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ದೊರೆ ಕಾನೂನನ್ನು ಅಮಾನತಿನಲ್ಲಿಡುವಂತಿಲ್ಲ, ತೆರಿಗೆ ಎತ್ತುವಂತಿಲ್ಲ, ಶಾಂತಿಕಾಲದಲ್ಲಿ ಖಾಯಂ ಸೇನೆ ಇರಿಸಿಕೊಳ್ಳುವಂತಿಲ್ಲ. ಸದಸ್ಯರು ಸದನದಲ್ಲಿ ಆಡಿದ ಮಾತನ್ನು ಹೊರಗಿನ ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ. 1701ರ ಉತ್ತರಾಧಿಕಾರ ಕಾಯ್ದೆ ನ್ಯಾಯಾಧೀಶರನ್ನು ದೊರೆಯ ಮರ್ಜಿಯಿಂದ ಬಿಡಿಸಿತು. ನಡತೆ ಸರಿಯಿರುವ ತನಕ ಅವರು ಪೀಠದಲ್ಲಿರುತ್ತಾರೆ, ತೆಗೆಯಬೇಕಾದರೆ ಎರಡೂ ಸದನಗಳು ಕೇಳಬೇಕು. ಯಾರು ಪಟ್ಟಕ್ಕೇರಬೇಕು ಎಂಬುದನ್ನೂ ಅದೇ ಕಾಯ್ದೆ ಗೊತ್ತುಪಡಿಸಿತು. ಹುಟ್ಟಿನ ಹಕ್ಕಿನಲ್ಲಿ ಹತ್ತಿರವಿದ್ದ ಕ್ಯಾಥೊಲಿಕ್ ನೆಂಟರೆಲ್ಲರನ್ನೂ ದಾಟಿ ಹ್ಯಾನೋವರಿನ ಪ್ರಾಟೆಸ್ಟಂಟ್ ರಾಜಕುಮಾರಿ ಸೋಫಿಯಾಳ ಸಂತತಿಗೆ ಕಿರೀಟ ಹೋಯಿತು. ಇಲ್ಲಿಂದ ಮುಂದೆ ಬ್ರಿಟನ್ನಿನ ದೊರೆತನ ಪಾರ್ಲಿಮೆಂಟಿನ ಶಾಸನದಿಂದ ಬಂದ ಪದವಿ. ದೈವದತ್ತ ಹಕ್ಕಿನ ಮಾತು ಅಲ್ಲಿಗೆ ಮುಗಿಯಿತು.

ಹಣದ ವಿಷಯವನ್ನು ಬಿಟ್ಟರೆ ಈ ಬದಲಾವಣೆ ಅರ್ಥವಾಗದು. ಮಧ್ಯಯುಗದ ದೊರೆ ತನ್ನ ಸ್ವಂತ ಜಮೀನಿನ ಹುಟ್ಟುವಳಿಯಲ್ಲಿ ಬದುಕುತ್ತಿದ್ದ, ಯುದ್ಧ ಬಂದಾಗ ಮಾತ್ರ ತೆರಿಗೆ ಕೇಳುತ್ತಿದ್ದ. 1689ರ ಅನಂತರದ ಫ್ರೆಂಚ್ ಯುದ್ಧಗಳ ವೆಚ್ಚವನ್ನು ಯಾವ ಜಮೀನಿನ ಆದಾಯವೂ ತಾಳುತ್ತಿರಲಿಲ್ಲ. ಪಾರ್ಲಿಮೆಂಟ್ ಹಣವನ್ನು ವರ್ಷ ವರ್ಷ ಮಂಜೂರು ಮಾಡತೊಡಗಿತು, ಅದರಿಂದ ದೊರೆ ಅದನ್ನು ವರ್ಷ ವರ್ಷ ಕರೆಯಲೇಬೇಕಾಯಿತು. 1760ರಲ್ಲಿ ಪಟ್ಟಕ್ಕೆ ಬಂದ 3ನೆಯ ಜಾರ್ಜ್ ರಾಜಭೂಮಿಯ ಆದಾಯವನ್ನು ಬೊಕ್ಕಸಕ್ಕೆ ಬಿಟ್ಟುಕೊಟ್ಟು ಬದಲಿಗೆ ವರ್ಷಕ್ಕೆ 8 ಲಕ್ಷ ಪೌಂಡುಗಳ ಸಂಭಾವನೆ ಪಡೆದ. ಈ ಕೊಡುಕೊಳ್ಳುವಿಕೆ ರೂಪ ಬದಲಿಸಿಕೊಂಡು ಇಂದಿಗೂ ನಡೆದಿದೆ. 2011ರ ಕಾಯ್ದೆಯ ಪ್ರಕಾರ ರಾಜಭೂಮಿಯ ಲಾಭದ ಗೊತ್ತಾದ ಪಾಲಿಗೆ ಸಮನಾದ ಮೊತ್ತ ಅರಮನೆಯ ಖರ್ಚಿಗೆ ಸಿಗುತ್ತದೆ. ಆರಂಭದಲ್ಲಿ ಅದು ಶೇ. 15 ಇತ್ತು, ಬಕಿಂಗ್‌ಹ್ಯಾಂ ಅರಮನೆಯ ದುರಸ್ತಿಗಾಗಿ ಶೇ. 25ಕ್ಕೆ ಏರಿತು, ಸಮುದ್ರದ ಗಾಳಿವಿದ್ಯುತ್ತಿನಿಂದ ಲಾಭ ಬೆಳೆದ ಮೇಲೆ ಶೇ. 12ಕ್ಕೆ ಇಳಿಯಿತು.

ಮಸೂದೆಗೆ ಅಂಕಿತ ಹಾಕದೆ ತಡೆಯುವ ಅಧಿಕಾರವನ್ನು ಯಾವ ಕಾನೂನೂ ತೆಗೆದುಹಾಕಿಲ್ಲ. ವಿಲಿಯಂ ದೊರೆ ಅದನ್ನು ಹಲವು ಸಲ ಬಳಸಿದ್ದ. ಕಡೆಯದಾಗಿ ಬಳಸಿದ್ದು 1708ರ ಮಾರ್ಚ್ 11ರಂದು ರಾಣಿ ಆನ್, ಸ್ಕಾಟ್ಲೆಂಡಿನ ನಾಗರಿಕ ಸೇನೆಯ ಮಸೂದೆಯ ಮೇಲೆ. ಫ್ರೆಂಚ್ ಹಡಗುಗಳು ಸ್ಕಾಟ್ಲೆಂಡಿನತ್ತ ಹೊರಟಿವೆಯೆಂಬ ಸುದ್ದಿ ಬಂದಿದ್ದಾಗ ಅಲ್ಲಿ ಜನರಿಗೆ ಆಯುಧ ಕೊಡುವುದು ಅಪಾಯವೆಂದು ಮಂತ್ರಿಗಳೇ ಹೇಳಿದ್ದರಿಂದ ಅವಳು ನಿರಾಕರಿಸಿದ್ದು. ಎಂದರೆ ಆ ಕೊನೆಯ ನಿರಾಕರಣೆಯೂ ಸ್ವಂತ ಇಚ್ಛೆಯದಾಗಿರಲಿಲ್ಲ. ಅನಂತರ ಅಂಕಿತ ತಪ್ಪದೆ ಬೀಳುತ್ತ ಬಂದಿದೆ. ದೊರೆ ಸ್ವತಃ ಪಾರ್ಲಿಮೆಂಟಿಗೆ ಬಂದು ಒಪ್ಪಿಗೆ ಕೊಟ್ಟದ್ದು 1854ರಲ್ಲಿ ಕೊನೆಯಾಯಿತು. ಈಗ ಸಭಾಧ್ಯಕ್ಷರು ಅದನ್ನು ಸದನಕ್ಕೆ ತಿಳಿಸಿದರೆ ಸಾಕು.

ಆನ್‌ಳ ಬಳಿಕ 1714ರಲ್ಲಿ ಜರ್ಮನಿಯಿಂದ ಬಂದ 1ನೆಯ ಜಾರ್ಜ್ ಕೆಲವೇ ವರ್ಷಗಳಲ್ಲಿ ಸಂಪುಟ ಸಭೆಗಳಿಗೆ ಹೋಗುವುದನ್ನು ಬಿಟ್ಟ. ಖಾಲಿಯಾದ ತಲೆಕುರ್ಚಿಯ ಬಳಿ ಒಬ್ಬ ಮುಖ್ಯ ಮಂತ್ರಿ ಬೇಕಾಯಿತು. 1721ರಿಂದ 1742ರವರೆಗೆ ಆ ಜಾಗದಲ್ಲಿದ್ದ ರಾಬರ್ಟ್ ವಾಲ್ಪೋಲನನ್ನು ಮೊದಲ ಪ್ರಧಾನಿಯೆಂದು ಎಣಿಸುತ್ತಾರೆ. ಅವನಿಗೆ ಎರಡೂ ಕಡೆಯ ಬೆಂಬಲ ಬೇಕಿತ್ತು, ಅರಮನೆಯದ್ದು ಮತ್ತು ಕಾಮನ್ಸಿನದ್ದು. ಇವೆರಡರಲ್ಲಿ ಯಾವುದು ದೊಡ್ಡದು ಎಂಬ ಪ್ರಶ್ನೆ ಇತ್ಯರ್ಥವಾಗಲು ಇನ್ನೂ ನೂರು ವರ್ಷ ಹಿಡಿಯಿತು.

ಆ ಎಳೆದಾಟದ ಅತ್ಯಂತ ಕಟುವಾದ ಪ್ರಸಂಗ ಹುಟ್ಟಿದ್ದು ಭಾರತದ ಕಾರಣದಿಂದ. 1783ರಲ್ಲಿ ಮಂತ್ರಿ ಚಾರ್ಲ್ಸ್ ಜೇಮ್ಸ್ ಫಾಕ್ಸ್ ಈಸ್ಟ್ ಇಂಡಿಯಾ ಕಂಪನಿಯನ್ನು ಲಂಡನ್ನಿನ ಆಯುಕ್ತರ ಹತೋಟಿಗೆ ತರುವ ಮಸೂದೆ ಮಂಡಿಸಿದ. ಕಂಪನಿ ಆಗ ಮೈಸೂರಿನೊಡನೆ ಯುದ್ಧದಲ್ಲಿತ್ತು, ಅದರ ಪಡೆ ಮಂಗಳೂರಿನ ಕೋಟೆಯೊಳಗೆ ಟಿಪ್ಪುವಿನ ಮುತ್ತಿಗೆಗೆ ಸಿಕ್ಕಿತ್ತು. ಮಸೂದೆ ಕಾಮನ್ಸಿನಲ್ಲಿ ಗೆದ್ದಿತು. ಫಾಕ್ಸ್‌ನನ್ನು ಕಂಡರಾಗದ 3ನೆಯ ಜಾರ್ಜ್, ಇದಕ್ಕೆ ಮತ ಹಾಕುವವರನ್ನು ತನ್ನ ಶತ್ರುವೆಂದು ಎಣಿಸುವುದಾಗಿ ಲಾರ್ಡ್ ಟೆಂಪಲ್‌ನ ಮೂಲಕ ಮೇಲ್ಮನೆಯಲ್ಲಿ ಸುದ್ದಿ ಹರಡಿಸಿದ. ಡಿಸೆಂಬರ್ 17ರಂದು ಲಾರ್ಡ್ಸ್ ಸಭೆ ಮಸೂದೆಯನ್ನು ಬೀಳಿಸಿತು. ಮರುದಿನ ರಾತ್ರಿ ಮಂತ್ರಿಮಂಡಲ ವಜಾ ಆಯಿತು, ಅದರ ಮರುದಿನ 24 ವರ್ಷದ ವಿಲಿಯಂ ಪಿಟ್ ಪ್ರಧಾನಿಯಾದ. ಕಾಮನ್ಸಿನಲ್ಲಿ ಬಹುಮತವಿಲ್ಲದೆಯೂ ಅವನು ತಿಂಗಳುಗಟ್ಟಲೆ ನಿಂತ, 1784ರ ಚುನಾವಣೆಯಲ್ಲಿ ಗೆದ್ದ. ದೊರೆಯೊಬ್ಬ ತನ್ನ ಆಯ್ಕೆಯನ್ನು ಕಾಮನ್ಸಿನ ಮೇಲೆ ಹೇರಿ ಅದರಲ್ಲಿ ಜಯ ಪಡೆದ ಕೊನೆಯ ದೊಡ್ಡ ನಿದರ್ಶನ ಇದು. 1801ರಲ್ಲಿ ಅದೇ ದೊರೆ ಕ್ಯಾಥೊಲಿಕರಿಗೆ ರಾಜಕೀಯ ಹಕ್ಕು ಕೊಡಲು ಒಪ್ಪದಿದ್ದಾಗ ಅದೇ ಪಿಟ್ ರಾಜೀನಾಮೆ ಕೊಟ್ಟ. ಆ ಹಕ್ಕು 1829ರವರೆಗೆ ಕಾಯಬೇಕಾಯಿತು.

1834ರ ನವೆಂಬರಿನಲ್ಲಿ 4ನೆಯ ವಿಲಿಯಂ ಇದೇ ಆಟವನ್ನು ಮತ್ತೆ ಆಡಿದ. ಮೆಲ್ಬರ್ನ್ ಪ್ರಭುವಿನ ವಿಗ್ ಪಕ್ಷದ ಸರ್ಕಾರವನ್ನು ಕಳಿಸಿ, ಇಟಲಿಯ ಪ್ರವಾಸದಲ್ಲಿದ್ದ ರಾಬರ್ಟ್ ಪೀಲ್‌ಗೆ ಕರೆ ಕಳುಹಿಸಿದ. ಈ ನಡುವೆ 1832ರ ಸುಧಾರಣಾ ಕಾಯ್ದೆ ಬಂದು ಮತದಾರರ ಪಟ್ಟಿ ಹಿಗ್ಗಿತ್ತು, ಪಾಳುಬಿದ್ದ ಊರುಗಳ ಹೆಸರಿನಲ್ಲಿದ್ದ ಸ್ಥಾನಗಳು ರದ್ದಾಗಿದ್ದವು. ಅರಮನೆಯ ಪ್ರಭಾವದಿಂದ ಚುನಾವಣೆ ಗೆಲ್ಲಿಸುವ ದಿನ ಹೋಗಿತ್ತು. 1835ರ ಆರಂಭದ ಚುನಾವಣೆಯಲ್ಲಿ ಪೀಲ್‌ಗೆ ಬಹುಮತ ದೊರೆಯಲಿಲ್ಲ. ಏಪ್ರಿಲಿನಲ್ಲಿ ಅವನು ಇಳಿದ, ಮೆಲ್ಬರ್ನ್ ಮರಳಿ ಬಂದ. ಅಲ್ಲಿಂದೀಚೆಗೆ ಯಾವ ದೊರೆಯೂ ಸರ್ಕಾರವನ್ನು ವಜಾ ಮಾಡಿಲ್ಲ. ವಿಲಿಯಂನ ಸೋಲನ್ನು ಬ್ರಿಟಿಷ್ ರಾಜತಂತ್ರದ ನಿಜವಾದ ತಿರುವು ಎನ್ನಬೇಕು. 1689ರ ಶಾಸನ ದೊರೆ ಏನು ಮಾಡಕೂಡದೆಂದು ಹೇಳಿತ್ತು. ಯಾರ ಮಾತು ಕೇಳಬೇಕೆಂಬುದನ್ನು ತೀರ್ಮಾನಿಸಿದ್ದು 1835ರ ಮತಪೆಟ್ಟಿಗೆ.

ವಿಕ್ಟೋರಿಯಾ ಇದನ್ನು ಸುಲಭವಾಗಿ ಒಪ್ಪಿದವಳಲ್ಲ. 1839ರಲ್ಲಿ ತನ್ನ ಅಂತಃಪುರದ ವಿಗ್ ಮನೆತನಗಳ ಸಖಿಯರನ್ನು ಬದಲಿಸಲು ನಿರಾಕರಿಸಿ ಪೀಲ್ ಸರ್ಕಾರ ರಚಿಸದಂತೆ ಮಾಡಿದಳು. ಎರಡು ವರ್ಷಗಳಲ್ಲಿ ಚುನಾವಣೆ ಅವನನ್ನೇ ತಂದು ಕೂರಿಸಿತು. 1880ರಲ್ಲಿ ಗ್ಲ್ಯಾಡ್‌ಸ್ಟನ್‌ನನ್ನು ತಪ್ಪಿಸಲು ಹಾರ್ಟಿಂಗ್ಟನ್‌ನನ್ನು ಕೇಳಿದಳು, ಕೊನೆಗೆ ಗ್ಲ್ಯಾಡ್‌ಸ್ಟನ್‌ನೇ ಪ್ರಧಾನಿಯಾದ. 1885ರಲ್ಲಿ ಸುಡಾನಿನ ಖಾರ್ಟೂಮ್ ಬಿದ್ದ ಸುದ್ದಿ ಬಂದಾಗ ತನ್ನ ಸಿಟ್ಟನ್ನು ಸಂಕೇತ ಲಿಪಿಯಿಲ್ಲದ ತಂತಿಯಲ್ಲಿ ಅವನಿಗೆ ಕಳುಹಿಸಿದಳು, ದಾರಿಯಲ್ಲಿ ಯಾರು ಬೇಕಾದರೂ ಓದಬಹುದಾದ ರೀತಿಯಲ್ಲಿ. 1876ರ ಕಾಯ್ದೆಯಿಂದ ಅವಳು ಭಾರತದ ಸಾಮ್ರಾಜ್ಞಿಯಾದಳು. ಆ ಬಿರುದು ಮೆರೆದಷ್ಟೂ ಭಾರತದ ಆಡಳಿತ ಲಂಡನ್ನಿನ ಭಾರತಮಂತ್ರಿಯ ಕೈಯಲ್ಲೇ ಇತ್ತು. ಅವಳ ಆಳ್ವಿಕೆಯ ನಡುವೆ, 1867ರಲ್ಲಿ, ಪತ್ರಕರ್ತ ವಾಲ್ಟರ್ ಬ್ಯಾಜಟ್ ಇಂಗ್ಲೆಂಡಿನ ಸಂವಿಧಾನದ ಬಗ್ಗೆ ಬರೆದ ಪುಸ್ತಕ ಪ್ರಕಟವಾಯಿತು. ರಾಜ್ಯಾಂಗದಲ್ಲಿ ಜನರ ಗೌರವ ಗಳಿಸುವ ಘನತೆಯ ಭಾಗ ಬೇರೆ, ಕೆಲಸ ಮಾಡುವ ಭಾಗ ಬೇರೆ ಎಂದು ಅವನು ವಿಂಗಡಿಸಿದ. ದೊರೆಗೆ ಅವನು ಉಳಿಸಿದ್ದು ಮೂರು ಹಕ್ಕು: ಮಂತ್ರಿಗಳು ತನ್ನೊಡನೆ ಸಮಾಲೋಚಿಸಬೇಕೆನ್ನುವುದು, ಅವರಿಗೆ ಉತ್ತೇಜನ ಕೊಡುವುದು, ಅವರನ್ನು ಎಚ್ಚರಿಸುವುದು. ಬ್ಯಾಜಟ್‌ಗೆ ಯಾವ ಅಧಿಕಾರದ ಹುದ್ದೆಯೂ ಇರಲಿಲ್ಲ. ಆದರೂ ಅವನ ಮಾತನ್ನು ಮುಂದಿನ ದೊರೆಗಳು ಪಾಠದಂತೆ ಓದಿದರು, 5ನೆಯ ಜಾರ್ಜ್ ಅದರ ಟಿಪ್ಪಣಿ ಬರೆದುಕೊಂಡಿದ್ದ. ಶಾಸನವಲ್ಲದ ಒಂದು ಪುಸ್ತಕ ಶಾಸನದಷ್ಟೇ ಬಲ ಪಡೆದ ಅಪರೂಪದ ಪ್ರಸಂಗ ಇದು.

ಆ ಪಾಠದ ಪರೀಕ್ಷೆ ಬಂದದ್ದು 5ನೆಯ ಜಾರ್ಜ್‌ನ ಕಾಲದಲ್ಲೇ. 1909ರ ನವೆಂಬರಿನಲ್ಲಿ ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್‌ನ ಬಜೆಟ್ಟನ್ನು ಲಾರ್ಡ್ಸ್ ಸಭೆ ತಿರಸ್ಕರಿಸಿತು. ಮೇಲ್ಮನೆಯ ಬಾಲ ಕತ್ತರಿಸಲು ಹೊರಟ ಪ್ರಧಾನಿ ಆಸ್ಕ್ವಿತ್, ಬೇಕಾದರೆ ನೂರಾರು ಹೊಸ ಪ್ರಭುಗಳನ್ನು ನೇಮಿಸುವ ಭರವಸೆಯನ್ನು ದೊರೆಯಿಂದ ಕೇಳಿದ. ಪಟ್ಟಕ್ಕೆ ಬಂದು ಆರು ತಿಂಗಳಾಗಿದ್ದ ಜಾರ್ಜ್ 1910ರ ನವೆಂಬರಿನಲ್ಲಿ ಮನಸ್ಸಿಲ್ಲದ ಮನಸ್ಸಿನಿಂದ ಗುಟ್ಟಾಗಿ ಒಪ್ಪಿದ. ಡಿಸೆಂಬರಿನ ಚುನಾವಣೆ ಮುಗಿದು, ಬೆದರಿಕೆ ಬಯಲಾಗಿ, 1911ರ ಆಗಸ್ಟ್ 10ರಂದು ಲಾರ್ಡ್ಸ್ ಸಭೆ 114ರ ವಿರುದ್ಧ 131 ಮತಗಳಿಂದ ತನ್ನ ಅಧಿಕಾರವನ್ನು ತಾನೇ ಕಡಿತಗೊಳಿಸುವ ಕಾಯ್ದೆಗೆ ತಲೆಬಾಗಿತು. ಅದೇ ವರ್ಷದ ಡಿಸೆಂಬರಿನಲ್ಲಿ ಈ ದೊರೆ ದೆಹಲಿ ದರ್ಬಾರಿನಲ್ಲಿ ಸಾಮ್ರಾಟನಾಗಿ ಕಿರೀಟ ಧರಿಸಿ ಕುಳಿತ. ಅಲ್ಲಿ ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ಬದಲಿಸುವ ಘೋಷಣೆ ಅವನ ಬಾಯಿಂದಲೇ ಬಂದರೂ ತೀರ್ಮಾನ ಸರ್ಕಾರದ್ದಾಗಿತ್ತು.

ಐರ್ಲೆಂಡಿನ ಸ್ವಯಮಾಡಳಿತದ ಮಸೂದೆ ಇನ್ನೂ ಕಠಿಣ ಪೇಚನ್ನು ತಂದಿತು. ಅಲ್ಸ್ಟರ್ ಪ್ರಾಂತದ ಪ್ರಾಟೆಸ್ಟಂಟರು ಆಯುಧ ಹಿಡಿಯಲು ಸಿದ್ಧರಾಗಿದ್ದರು. ಅಂಕಿತ ಹಾಕಬೇಡಿ, ಇಲ್ಲವೇ ಸರ್ಕಾರವನ್ನು ಕಳಿಸಿ ಚುನಾವಣೆಗೆ ಹೋಗಿ ಎಂದು ಕನ್ಸರ್ವೇಟಿವ್ ನಾಯಕ ಬೋನರ್ ಲಾ ಒತ್ತಾಯಿಸಿದ. ಎರಡು ಶತಮಾನ ಬಳಸದ ಅಧಿಕಾರವನ್ನು ಈಗ ಬಳಸಿದರೆ ಸಿಂಹಾಸನವೇ ಪಕ್ಷಗಳ ಕಾಲ್ಚೆಂಡಾಗುತ್ತದೆ ಎಂಬ ಅರ್ಥದ ಟಿಪ್ಪಣಿಯನ್ನು ಆಸ್ಕ್ವಿತ್ 1913ರಲ್ಲಿ ಅರಮನೆಗೆ ಕಳುಹಿಸಿದ. ದೊರೆ ನಿರಾಕರಣೆಯ ಬಗ್ಗೆ ಗಂಭೀರವಾಗಿಯೇ ಯೋಚಿಸಿದ. 1914ರ ಜುಲೈನಲ್ಲಿ ಎಲ್ಲ ಬಣಗಳನ್ನೂ ಬಕಿಂಗ್‌ಹ್ಯಾಂ ಅರಮನೆಗೆ ಕರೆಸಿ ರಾಜಿಗೆ ಕೂರಿಸಿದ, ಅದು ಫಲಿಸಲಿಲ್ಲ. ಸೆಪ್ಟೆಂಬರ್ 18ರಂದು, ಮಹಾಯುದ್ಧ ಶುರುವಾದ ಮೇಲೆ, ಅಂಕಿತ ಬಿತ್ತು. ಕಾಯ್ದೆಯ ಜಾರಿಯನ್ನು ಪಾರ್ಲಿಮೆಂಟೇ ಮುಂದಕ್ಕೆ ಹಾಕಿತು. ಅಂಕಿತ ನಿರಾಕರಣೆಯ ಪ್ರಶ್ನೆ ಬ್ರಿಟನ್ನಿನ ಅರಮನೆಯಲ್ಲಿ ಅಷ್ಟು ಗಂಭೀರವಾಗಿ ಮತ್ತೆ ಎದ್ದಿಲ್ಲ.

ದೊರೆಯ ಖಾಸಗಿ ಬದುಕು ಕೂಡ ಮಂತ್ರಿಗಳ ಸಲಹೆಯ ವ್ಯಾಪ್ತಿಯ ಹೊರಗಿಲ್ಲ ಎಂಬುದು 1936ರಲ್ಲಿ ತಿಳಿಯಿತು. 8ನೆಯ ಎಡ್ವರ್ಡ್ ಎರಡು ಬಾರಿ ಮದುವೆಯಾಗಿದ್ದ ಅಮೆರಿಕದ ವಾಲಿಸ್ ಸಿಂಪ್ಸನ್‌ಳನ್ನು ವರಿಸಬೇಕೆಂದಿದ್ದ. ಪ್ರಧಾನಿ ಬಾಲ್ಡ್ವಿನ್ ಅದಕ್ಕೆ ಒಪ್ಪಲಿಲ್ಲ, ಕೆನಡಾ, ಆಸ್ಟ್ರೇಲಿಯಾ ಮೊದಲಾದ ಡೊಮಿನಿಯನ್ ಸರ್ಕಾರಗಳನ್ನೂ ಕೇಳಲಾಯಿತು. ರೇಡಿಯೊದಲ್ಲಿ ನೇರವಾಗಿ ಜನರ ಮುಂದೆ ತನ್ನ ವಾದ ಇಡುತ್ತೇನೆಂದ ದೊರೆಗೆ ಸಂಪುಟ ಅನುಮತಿ ಕೊಡಲಿಲ್ಲ. ಮಂತ್ರಿಗಳ ವಿರುದ್ಧ ದೊರೆ ಜನರ ಬಳಿ ಮೊರೆ ಹೋಗುವಂತಿಲ್ಲ ಎಂಬ ಈ ನಿಲುವು, ಮದುವೆಯ ಪ್ರಶ್ನೆಗಿಂತ ದೊಡ್ಡದು. ಎಡ್ವರ್ಡ್ ಡಿಸೆಂಬರ್ 10ರಂದು ತ್ಯಾಗಪತ್ರಕ್ಕೆ ಸಹಿ ಹಾಕಿದ. ಸಿಂಹಾಸನ ಬಿಡುವುದಕ್ಕೂ ಪಾರ್ಲಿಮೆಂಟಿನ ಕಾಯ್ದೆ ಬೇಕಿತ್ತು, ಅದು ಮರುದಿನ ಬಂತು. ಅದಾದ ಮೇಲಷ್ಟೇ ಅವನು ರೇಡಿಯೊದಲ್ಲಿ ಮಾತಾಡಿದ್ದು.

ಬಹುಕಾಲ ದೊರೆಯ ಸ್ವಂತ ವಿವೇಚನೆಗೆ ಜಾಗವಿದ್ದದ್ದು ಪ್ರಧಾನಿಯ ಆಯ್ಕೆಯಲ್ಲಿ. 1923ರಲ್ಲಿ ಮೇಲ್ಮನೆಯ ಕರ್ಜನ್‌ನನ್ನು ಬಿಟ್ಟು ಬಾಲ್ಡ್ವಿನ್‌ನನ್ನು ಆರಿಸಿದವನು 5ನೆಯ ಜಾರ್ಜ್. 1957ರಲ್ಲಿ ಈಡನ್ ರಾಜೀನಾಮೆ ಕೊಟ್ಟಾಗ, 1963ರಲ್ಲಿ ಮ್ಯಾಕ್‌ಮಿಲನ್ ಆಸ್ಪತ್ರೆಯಿಂದಲೇ ಪದವಿ ಬಿಟ್ಟಾಗ, ಕನ್ಸರ್ವೇಟಿವ್ ಪಕ್ಷಕ್ಕೆ ನಾಯಕನನ್ನು ಚುನಾಯಿಸುವ ಪದ್ಧತಿಯೇ ಇರಲಿಲ್ಲ. ಹಿರಿಯರು ಒಳಗೊಳಗೇ ಅಭಿಪ್ರಾಯ ಕೇಳಿ 2ನೆಯ ಎಲಿಜಬೆತ್‌ಗೆ ಹೆಸರು ಸೂಚಿಸಿದರು. ಮ್ಯಾಕ್‌ಮಿಲನ್ ಸೂಚಿಸಿದ ಹ್ಯೂಮ್ ಪ್ರಭುವನ್ನು ರಾಣಿ ನೇಮಿಸಿದ್ದು ದೊಡ್ಡ ಟೀಕೆಗೆ ಗುರಿಯಾಯಿತು. 1965ರಲ್ಲಿ ಆ ಪಕ್ಷ ಚುನಾವಣೆಯ ನಿಯಮ ಮಾಡಿಕೊಂಡ ಮೇಲೆ ಆ ಹೊರೆ ಅರಮನೆಯಿಂದ ಇಳಿಯಿತು. ಯಾರಿಗೂ ಬಹುಮತ ಬಾರದಿದ್ದಾಗ ಮಾತ್ರ ಪ್ರಶ್ನೆ ಉಳಿಯುತ್ತದೆ. 1974ರ ಫೆಬ್ರವರಿಯಲ್ಲಿ ಲೇಬರ್‌ಗೆ 301, ಕನ್ಸರ್ವೇಟಿವ್‌ಗೆ 297 ಸ್ಥಾನ ಬಂದಿದ್ದವು. ಪ್ರಧಾನಿ ಹೀತ್ ನಾಲ್ಕು ದಿನ ಲಿಬರಲ್ಲರೊಡನೆ ಮಾತಾಡಿ, ಆಗದೆ, ಮಾರ್ಚ್ 4ರಂದು ಇಳಿದ. 2010ರಲ್ಲಿ ಇಂಥದೇ ಸ್ಥಿತಿ ಬಂದಾಗ ಅಧಿಕಾರಿಗಳು ಮೊದಲೇ ಬರೆದಿಟ್ಟುಕೊಂಡ ಕರಡು ಕೈಪಿಡಿ ಇತ್ತು. ಪಕ್ಷಗಳು ಪರಸ್ಪರ ಮಾತಾಡಿ ತೀರ್ಮಾನಕ್ಕೆ ಬರಬೇಕು, ಅಲ್ಲಿಯವರೆಗೆ ರಾಣಿಯನ್ನು ಇದರಲ್ಲಿ ಎಳೆಯಬಾರದು ಎಂಬುದು ಅದರ ಸಾರ. ಐದು ದಿನದಲ್ಲಿ ಕ್ಯಾಮರಾನ್ ಪ್ರಧಾನಿಯಾದರು.

ವಿಸರ್ಜನೆಯ ಕೋರಿಕೆಯನ್ನು ದೊರೆ ತಿರಸ್ಕರಿಸಬಹುದೇ ಎಂಬುದಕ್ಕೆ ಉತ್ತರ ಸಿಕ್ಕದ್ದೂ ವಿಚಿತ್ರ ರೀತಿಯಲ್ಲಿ. 1950ರ ಮೇ ತಿಂಗಳಲ್ಲಿ ಟೈಮ್ಸ್ ಪತ್ರಿಕೆಗೆ ಸೆನೆಕ್ಸ್ ಎಂಬ ಗುಪ್ತನಾಮದಿಂದ ಒಂದು ಪತ್ರ ಬಂತು. ಬರೆದವನು ದೊರೆಯ ಕಾರ್ಯದರ್ಶಿ ಅಲನ್ ಲ್ಯಾಸಲ್ಸ್. ಇರುವ ಪಾರ್ಲಿಮೆಂಟ್ ಇನ್ನೂ ಕೆಲಸ ಮಾಡಬಲ್ಲುದಾಗಿದ್ದರೆ, ಚುನಾವಣೆಯಿಂದ ದೇಶದ ಆರ್ಥಿಕತೆಗೆ ಧಕ್ಕೆಯಾಗುವಂತಿದ್ದರೆ, ಬಹುಮತದಿಂದ ಸರ್ಕಾರ ನಡೆಸಬಲ್ಲ ಇನ್ನೊಬ್ಬ ಪ್ರಧಾನಿ ಸಿಗುವಂತಿದ್ದರೆ ದೊರೆ ನಿರಾಕರಿಸಬಹುದು ಎಂದು ಪತ್ರ ಹೇಳಿತು. ಬ್ರಿಟನ್ನಿನಲ್ಲಿ ಆಧುನಿಕ ಕಾಲದಲ್ಲಿ ಯಾವ ದೊರೆಯೂ ಹಾಗೆ ನಿರಾಕರಿಸಿಲ್ಲ. ದೊರೆಯ ಪ್ರತಿನಿಧಿಗಳು ಬೇರೆಡೆ ಅಂಥ ಸಾಹಸ ಮಾಡಿದ್ದುಂಟು. 1926ರಲ್ಲಿ ಕೆನಡಾದ ಗವರ್ನರ್ ಜನರಲ್ ಬಿಂಗ್ ಪ್ರಧಾನಿ ಮೆಕೆಂಜಿ ಕಿಂಗ್‌ಗೆ ವಿಸರ್ಜನೆ ಕೊಡಲಿಲ್ಲ, ಮುಂದಿನ ಚುನಾವಣೆಯಲ್ಲಿ ಕಿಂಗ್ ಗೆದ್ದ. 1975ರ ನವೆಂಬರ್ 11ರಂದು ಆಸ್ಟ್ರೇಲಿಯಾದ ಗವರ್ನರ್ ಜನರಲ್ ಜಾನ್ ಕೆರ್, ಕೆಳಮನೆಯಲ್ಲಿ ಬಹುಮತವಿದ್ದ ವಿಟ್ಲಮ್ ಸರ್ಕಾರವನ್ನೇ ವಜಾ ಮಾಡಿದ. ಅರಮನೆಯೊಡನೆ ಅವನು ನಡೆಸಿದ ಪತ್ರವ್ಯವಹಾರ ದೀರ್ಘ ನ್ಯಾಯಾಲಯದ ಹೋರಾಟದ ಬಳಿಕ 2020ರಲ್ಲಿ ಹೊರಬಂತು.

ಮಂತ್ರಿಗಳ ಸಲಹೆಯಂತೆ ನಡೆಯುವ ಈ ಅಲಿಖಿತ ರೂಢಿಯನ್ನೇ ಸ್ವತಂತ್ರ ಭಾರತ ತನ್ನ ರಾಷ್ಟ್ರಪತಿಗೆ ಅಳತೆಗೋಲಾಗಿ ತೆಗೆದುಕೊಂಡಿತು. ರಾಷ್ಟ್ರಪತಿಯ ಸ್ಥಾನ ಇಂಗ್ಲೆಂಡಿನ ದೊರೆಯ ಸ್ಥಾನದಂಥದು ಎಂದು ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಗೆ ವಿವರಿಸಿದರು. ಸಲಹೆಗೆ ಬದ್ಧನೆಂಬುದನ್ನು ಮಾತ್ರ ಇಲ್ಲಿ ರೂಢಿಗೆ ಬಿಡಲಿಲ್ಲ, 1976ರ 42ನೆಯ ತಿದ್ದುಪಡಿ ಅದನ್ನು ಅಕ್ಷರಕ್ಕಿಳಿಸಿತು. ರಾಜ್ಯಪಾಲರ ವಿವೇಚನೆಯ ಪ್ರಶ್ನೆ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋಯಿತು. 1989ರ ಏಪ್ರಿಲಿನಲ್ಲಿ ಎಸ್. ಆರ್. ಬೊಮ್ಮಾಯಿ ಸರ್ಕಾರ ವಜಾ ಆದದ್ದರ ಬಗ್ಗೆ 1994ರಲ್ಲಿ ಬಂದ ತೀರ್ಪು, ಬಹುಮತದ ಪರೀಕ್ಷೆ ನಡೆಯಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂದು ಹೇಳಿತು. 4ನೆಯ ವಿಲಿಯಂಗೆ 1835ರಲ್ಲಿ ತಿಳಿದದ್ದೂ ಇದೇ.

ದೊರೆ ಸಲಹೆಗೆ ಬದ್ಧನಾದರೆ ತಪ್ಪು ಸಲಹೆಯನ್ನು ತಡೆಯುವವರು ಯಾರು? 2019ರಲ್ಲಿ ಈ ಪ್ರಶ್ನೆ ನಿಷ್ಠುರವಾಗಿ ಎದುರಾಯಿತು. ಯೂರೋಪಿಯನ್ ಒಕ್ಕೂಟದಿಂದ ಹೊರಬರುವ ಗಡುವು ಅಕ್ಟೋಬರ್ 31 ಇತ್ತು. ಪಾರ್ಲಿಮೆಂಟಿನ ಅಧಿವೇಶನವನ್ನು ಐದು ವಾರ ನಿಲ್ಲಿಸುವಂತೆ ಪ್ರಧಾನಿ ಬೋರಿಸ್ ಜಾನ್ಸನ್ ಸಲಹೆ ಕೊಟ್ಟರು. ಆಗಸ್ಟ್ 28ರಂದು ಮಂತ್ರಿಗಳು ಬಾಲ್ಮೋರಲ್ ಕೋಟೆಗೆ ಹೋಗಿ ರಾಣಿಯಿಂದ ಆಜ್ಞೆ ಪಡೆದರು. 93 ವರ್ಷದ ಎಲಿಜಬೆತ್ ನಿರಾಕರಿಸಿದ್ದರೆ ಒಂದು ಪಕ್ಷದ ವಿರುದ್ಧ ನಿಂತಂತಾಗುತ್ತಿತ್ತು, ಒಪ್ಪಿದ್ದರಿಂದ ಕಾನೂನುಬಾಹಿರ ಕೃತ್ಯಕ್ಕೆ ಅವರ ಹೆಸರು ಅಂಟಿತು. ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರೂ ಒಮ್ಮತದಿಂದ ಆ ಸಲಹೆ ಕಾನೂನಿಗೆ ವಿರುದ್ಧ, ಆದ್ದರಿಂದ ಆಜ್ಞೆಯೂ ಅಸಿಂಧು ಎಂದರು. ಸಕಾರಣವಿಲ್ಲದೆ ಪಾರ್ಲಿಮೆಂಟಿನ ಕೆಲಸಕ್ಕೆ ಅಡ್ಡಿ ಮಾಡಲು ಪರಮಾಧಿಕಾರ ಬಳಸುವಂತಿಲ್ಲ ಎಂಬ ಈ ತೀರ್ಪು ಗಂಜಿಪುಡಿಯ ಹಳೆಯ ಮೊಕದ್ದಮೆಯನ್ನು ಆಧಾರವಾಗಿ ಉಲ್ಲೇಖಿಸಿತು. ಮರುದಿನ ಸದನ ಮತ್ತೆ ಸೇರಿತು. ದೊರೆಗೆಂದು ಹಾಕಿದ ಬೇಲಿ ಹೀಗೆ ಮಂತ್ರಿಗೂ ಅನ್ವಯವಾಯಿತು. ನ್ಯಾಯಾಲಯ ಈ ಜಾಗಕ್ಕೆ ಬರುವುದನ್ನು ಸರ್ಕಾರ ಸಹಿಸಲಿಲ್ಲ. 2022ರ ಕಾಯ್ದೆ, ನಡುವೆ ಶಾಸನದಿಂದ ಇಲ್ಲವಾಗಿದ್ದ ವಿಸರ್ಜನೆಯ ಪರಮಾಧಿಕಾರವನ್ನು ಮರಳಿ ತಂದು, ಅದರ ಬಳಕೆಯನ್ನು ನ್ಯಾಯಾಲಯಗಳು ಪ್ರಶ್ನಿಸಬಾರದೆಂದು ಬರೆಯಿತು. 2024ರ ಮೇ ತಿಂಗಳಲ್ಲಿ ರಿಷಿ ಸುನಕ್ ಚುನಾವಣೆ ಕೇಳಿದಾಗ 3ನೆಯ ಚಾರ್ಲ್ಸ್ ಕೊಟ್ಟದ್ದು ಈ ಕಾಯ್ದೆಯಡಿಯ ವಿಸರ್ಜನೆ.

ಬಹಿರಂಗದಲ್ಲಿ ದೊರೆಯ ಬಾಯಿ ಎಷ್ಟು ಕಟ್ಟಿದೆ ಎಂಬುದಕ್ಕೆ ಚಾರ್ಲ್ಸ್ ಅವರೇ ಸಾಕ್ಷಿ. ಯುವರಾಜರಾಗಿದ್ದಷ್ಟು ಕಾಲ ಪರಿಸರದ ಬಗ್ಗೆ ಬಿಡದೆ ಮಾತಾಡಿದ ಅವರು, 2022ರಲ್ಲಿ ಈಜಿಪ್ಟಿನ ಹವಾಮಾನ ಸಮ್ಮೇಳನಕ್ಕೆ ಸರ್ಕಾರದ ಸಲಹೆಯಂತೆ ಹೋಗಲಿಲ್ಲ. 2023ರ ನವೆಂಬರಿನಲ್ಲಿ ಉತ್ತರ ಸಮುದ್ರದಲ್ಲಿ ತೈಲ ತೆಗೆಯಲು ವರ್ಷ ವರ್ಷ ಪರವಾನಗಿ ನೀಡುವ ಮಸೂದೆಯ ಘೋಷಣೆಯನ್ನು ಸಿಂಹಾಸನದಿಂದ ಓದಿದರು. ಎಂಟು ತಿಂಗಳ ಬಳಿಕ ಹೊಸ ಲೇಬರ್ ಸರ್ಕಾರದ ಶುದ್ಧ ವಿದ್ಯುತ್ತಿನ ಯೋಜನೆಯನ್ನೂ ಅದೇ ಧ್ವನಿಯಲ್ಲಿ ಓದಿದರು.

ತೆರೆಯ ಹಿಂದಿನ ಪ್ರಭಾವಕ್ಕೆ ಇಷ್ಟು ಸ್ಪಷ್ಟ ಗೆರೆ ಇಲ್ಲ, ಅದೇ ಈ ವ್ಯವಸ್ಥೆಯ ದೊಡ್ಡ ಕೊರತೆ. ರಾಜಪರಮಾಧಿಕಾರವನ್ನೋ ದೊರೆಯ ಸ್ವಂತ ಆಸ್ತಿಯನ್ನೋ ಮುಟ್ಟುವ ಮಸೂದೆಗೆ ಸದನದ ಚರ್ಚೆ ಮುಗಿಯುವ ಮೊದಲೇ ಅರಮನೆಯ ಸಮ್ಮತಿ ಬೇಕು. ಇದು ಅಂಕಿತಕ್ಕಿಂತ ಬೇರೆ. 1999ರಲ್ಲಿ ಇರಾಕಿನ ಮೇಲೆ ದಾಳಿಗೆ ಪಾರ್ಲಿಮೆಂಟಿನ ಒಪ್ಪಿಗೆ ಕಡ್ಡಾಯವಾಗಬೇಕೆಂದು ಸಂಸದ ಟ್ಯಾಮ್ ಡೆಲಿಯೆಲ್ ತಂದ ಖಾಸಗಿ ಮಸೂದೆ ಈ ಸಮ್ಮತಿ ಸಿಗದೆಯೇ ಸತ್ತಿತು. ನಿರಾಕರಿಸಲು ಹೇಳಿದ್ದು ಸರ್ಕಾರ. ಎಲಿಜಬೆತ್‌ರ ಆಳ್ವಿಕೆಯಲ್ಲಿ ಸಾವಿರಕ್ಕೂ ಹೆಚ್ಚು ಮಸೂದೆಗಳು ಹೀಗೆ ಅರಮನೆಯ ಮುಂದೆ ಹೋಗಿದ್ದವೆಂದು ಗಾರ್ಡಿಯನ್ ಪತ್ರಿಕೆ 2021ರಲ್ಲಿ ಎಣಿಸಿ ತೋರಿಸಿತು. ಚಾರ್ಲ್ಸ್ ಯುವರಾಜರಾಗಿ ಮಂತ್ರಿಗಳೊಡನೆ ನಡೆಸಿದ ವ್ಯವಹಾರದ 27 ಪತ್ರಗಳನ್ನು ಹೊರತರಲು ಅದೇ ಪತ್ರಿಕೆ ಹತ್ತು ವರ್ಷ ನ್ಯಾಯಾಲಯಗಳನ್ನು ಅಲೆಯಿತು. 2015ರ ಮೇ ತಿಂಗಳಲ್ಲಿ ಅವು ಪ್ರಕಟವಾದವು, ಸೇನೆಯ ಹೆಲಿಕಾಪ್ಟರುಗಳಿಂದ ಹಿಡಿದು ಹೈನುರಾಸುಗಳ ಕ್ಷಯದವರೆಗೆ ಅವುಗಳಲ್ಲಿ ಅಹವಾಲುಗಳಿದ್ದವು. ಅಷ್ಟರಲ್ಲಿ 2010ರಲ್ಲೇ ಮಾಹಿತಿ ಹಕ್ಕಿನ ಕಾಯ್ದೆಗೆ ತಿದ್ದುಪಡಿಯಾಗಿ, ದೊರೆ ಮತ್ತು ಅವನ ಮುಂದಿನ ಇಬ್ಬರು ವಾರಸುದಾರರ ಪತ್ರವ್ಯವಹಾರ ಆ ಕಾಯ್ದೆಯ ಕೈಗೆ ಸಿಗದಂತಾಗಿತ್ತು. ಪ್ರಧಾನಿ ವಾರಕ್ಕೊಮ್ಮೆ ದೊರೆಯನ್ನು ಕಾಣುವ ಭೇಟಿಯಲ್ಲಿ ಮೂರನೆಯವರು ಇರುವುದಿಲ್ಲ, ಆಡಿದ ಮಾತನ್ನು ಯಾರೂ ಬರೆದಿಡುವುದಿಲ್ಲ. ಚರ್ಚಿಲ್‌ರಿಂದ ಲಿಜ್ ಟ್ರಸ್‌ರವರೆಗೆ ಹದಿನೈದು ಪ್ರಧಾನಿಗಳು ಎಲಿಜಬೆತ್‌ರ ಕಾಲದಲ್ಲಿ ಆಗಿಹೋದರು. ಆ ಭೇಟಿಗಳಲ್ಲಿ ರಾಣಿ ಯಾವ ನೀತಿಯ ಬಗ್ಗೆ ಎಷ್ಟು ಒತ್ತಿ ಹೇಳಿದರು, ಯಾವ ಪ್ರಧಾನಿ ಎಲ್ಲಿ ಮಣಿದರು ಎಂಬುದನ್ನು ಪಾರ್ಲಿಮೆಂಟ್ ಕೇಳುವಂತಿಲ್ಲ.